ತಾಲ್ಲೂಕೆಂಬ ವಿಳಾಸ: ಮೈಸೂರು ಸಂಸ್ಥಾನದ ಅನುದಾನ ಮತ್ತು ಹಳಗನ್ನಡದ ಶಾಸನಾಕರಗಳು

ಹಳಗನ್ನಡದ ವ್ಯಾಕರಣವನ್ನು ಕುರಿತು ಬರೆಯುವ ನಾವು ಶಾಸನದಿಂದ ಒಂದು ರೂಪವನ್ನು ಎತ್ತಿಕೊಂಡೊಡನೆ ಅದರ ಮುಂದೆ ಒಂದು ತಾಲ್ಲೂಕಿನ ಹೆಸರನ್ನೂ ಒಂದು ಸಂಖ್ಯೆಯನ್ನೂ ನಮೂದಿಸುತ್ತೇವೆ. ಎಪಿಗ್ರಾಫಿಯ ಕರ್ನಾಟಿಕದಿಂದ ಬಂದ ಈ ಪದ್ಧತಿ ನಮಗೆಷ್ಟು ಸಹಜವಾಗಿದೆಯೆಂದರೆ, ವಿಭಕ್ತಿಪ್ರತ್ಯಯವೊಂದರ ವಿಳಾಸ ಕಂದಾಯ ಆಡಳಿತದ ಘಟಕವಾಗಿರುವುದು ವಿಚಿತ್ರವೆಂದು ತೋರುವುದೇ ಇಲ್ಲ. ಆ ತಾಲ್ಲೂಕಿನ ಹೆಸರು ಹಣ ಕೊಟ್ಟವರ ಗುರುತು. ಅದು ನಮ್ಮ ಆಕರದ ಸ್ವರೂಪವನ್ನು ಎಷ್ಟರಮಟ್ಟಿಗೆ ನಿರ್ಧರಿಸಿದೆಯೆಂಬುದನ್ನು ಇಲ್ಲಿ ಪರಿಶೀಲಿಸಿದ್ದೇವೆ.

ಮೈಸೂರು ಸಂಸ್ಥಾನವು 1881ರಲ್ಲಿ ಒಡೆಯರ ಆಳ್ವಿಕೆಗೆ ಮರಳಿದಾಗ 1876–78ರ ಮಹಾಕ್ಷಾಮದ ಸಾಲದ ಹೊರೆ ಬೊಕ್ಕಸದ ಮೇಲಿತ್ತು. ಅಂಥ ಸ್ಥಿತಿಯಲ್ಲೂ ನಾಲ್ಕೇ ವರ್ಷಗಳಲ್ಲಿ, 1885ರಲ್ಲಿ, ಪುರಾತತ್ತ್ವ ಇಲಾಖೆ ಆರಂಭವಾಯಿತು. ವಿದ್ಯಾ ಇಲಾಖೆಯಲ್ಲಿ ಹಿರಿಯ ಅಧಿಕಾರಿಯಾಗಿದ್ದ ಬಿ. ಎಲ್. ರೈಸರಿಗೆ ಅದು ಮೊದಮೊದಲು ಹೆಚ್ಚುವರಿ ಕೆಲಸ. 1890ರಿಂದ ಪೂರ್ಣಾವಧಿಯ ಹುದ್ದೆ. 1886ರ ಕೊಡಗಿನ ಸಂಪುಟದಿಂದ ಮೊದಲ್ಗೊಂಡು 1905ರ ವೇಳೆಗೆ ಹನ್ನೆರಡು ಸಂಪುಟಗಳಲ್ಲಿ ಸುಮಾರು 9000 ಶಾಸನಗಳು ಅಚ್ಚಾದವು. ಕನ್ನಡ ಪಾಠ, ರೋಮನ್ ಲಿಪ್ಯಂತರ, ಇಂಗ್ಲಿಷ್ ಅನುವಾದ ಎಂಬ ಮೂರೂ ಅವುಗಳಲ್ಲಿದ್ದವು. ಜೊತೆಗೇ ಬಿಬ್ಲಿಯೊಥಿಕಾ ಕರ್ನಾಟಿಕ ಮಾಲೆಯಲ್ಲಿ ಕರ್ನಾಟಕ ಭಾಷಾಭೂಷಣ (1884), ಭಟ್ಟಾಕಳಂಕನ ಶಬ್ದಾನುಶಾಸನ (1890), ಕೆ. ಬಿ. ಪಾಠಕರು ಸಂಪಾದಿಸಿದ ಕವಿರಾಜಮಾರ್ಗ (1898) ಪ್ರಕಟವಾದವು. ವ್ಯಾಕರಣಗ್ರಂಥಗಳೂ ಅವುಗಳನ್ನು ಪರೀಕ್ಷಿಸಿ ನೋಡಬಹುದಾದ ಪ್ರಯೋಗಗಳೂ ಹೀಗೆ ಒಂದೇ ಕಾಲದಲ್ಲಿ, ಒಂದೇ ಸಂಸ್ಥಾನದ ಆಶ್ರಯದಲ್ಲಿ ಲಭ್ಯವಾದವು.

ಸಂಸ್ಥಾನದ ಗಡಿಯೇ ಸರ್ವೇಕ್ಷಣೆಯ ಗಡಿಯೂ ಆಯಿತು, ಕೊಡಗೊಂದು ಅಪವಾದ. ಬಾದಾಮಿ, ಪಟ್ಟದಕಲ್ಲು, ಧಾರವಾಡದ ಸೀಮೆಗಳು ಬೊಂಬಾಯಿ ಪ್ರಾಂತದಲ್ಲಿದ್ದವು. ಅಲ್ಲಿನ ಶಾಸನಗಳನ್ನು ಫ್ಲೀಟ್ ಇಂಡಿಯನ್ ಆಂಟಿಕ್ವರಿಯಲ್ಲಿ ಬಿಡಿಬಿಡಿಯಾಗಿ ಪ್ರಕಟಿಸಿದರು. ಬೊಂಬಾಯಿ-ಕರ್ನಾಟಕಕ್ಕೆ ಮೀಸಲಾದ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಸಂಪುಟ ಹೊರಬರುವುದಕ್ಕೆ 1940ರವರೆಗೆ ಕಾಯಬೇಕಾಯಿತು. ಆದಕಾರಣ, ಒಂದು ರೂಪ ದಕ್ಷಿಣದಲ್ಲಿ ಹೇರಳವಾಗಿಯೂ ಉತ್ತರದಲ್ಲಿ ವಿರಳವಾಗಿಯೂ ದೊರೆಯುತ್ತದೆಂದು ಹೇಳಿ ಅದನ್ನು ಪ್ರಾದೇಶಿಕ ಪ್ರಭೇದವೆಂದು ಕರೆಯುವ ಮೊದಲು, ಆ ಅಂತರ ಭಾಷೆಯದೋ ಎರಡು ಸರ್ಕಾರಗಳ ಬೊಕ್ಕಸದ್ದೋ ಎಂದು ವಿಚಾರಿಸುವುದು ಅಗತ್ಯ. ಈ ವಿಚಾರಣೆಯಿಲ್ಲದ ವಾದಗಳನ್ನು ನಾವೂ ಮಾಡಿದ್ದೇವೆ.

ಆದರೂ ನಮ್ಮ ದೃಷ್ಟಿಯಲ್ಲಿ ಗಡಿಗಿಂತ ಮುಖ್ಯವಾದುದು ಕಾಲಾವಧಿ. ಹನ್ನೆರಡು ಸಂಪುಟಗಳು ಮುಗಿದ ಮೇಲೆ ಇಲಾಖೆಯನ್ನು ಮುಚ್ಚಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲವೇನೋ. ಉದ್ದೇಶಿತ ಕಾರ್ಯ ನೆರವೇರಿತ್ತು. ಇಲಾಖೆ ಮುಚ್ಚಲಿಲ್ಲ. 1906ರಲ್ಲಿ ಅಧಿಕಾರ ವಹಿಸಿಕೊಂಡ ಆರ್. ನರಸಿಂಹಾಚಾರ್ಯರು, ರೈಸರು ಒಮ್ಮೆ ನೋಡಿ ಮುಗಿಸಿದ್ದ ಸ್ಥಳಗಳನ್ನೇ ಮತ್ತೆ ನೋಡಿದರು. 1889ರ ಶ್ರವಣಬೆಳಗೊಳದ ಸಂಪುಟದಲ್ಲಿ 144 ಶಾಸನಗಳಿದ್ದವು. ನರಸಿಂಹಾಚಾರ್ಯರು ಪರಿಷ್ಕರಿಸಿದ 1923ರ ಆವೃತ್ತಿಯಲ್ಲಿ 500. ಚಂದ್ರಗಿರಿಯ ಬಂಡೆಗಳ ಮೇಲಿನ 7ನೆಯ ಶತಮಾನದ ನಿಸಿದಿ ಬರಹಗಳು ಪೂರ್ವದ ಹಳಗನ್ನಡಕ್ಕೆ ಎಂಥ ಆಕರವೆಂದು ಬಲ್ಲವರಿಗೆ ಎರಡನೆಯ ಸುತ್ತಿನ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಹಲ್ಮಿಡಿಯ ಸಂಗತಿ ಇನ್ನೂ ಸ್ಪಷ್ಟ. ಹಲ್ಮಿಡಿ ಇರುವುದು ಬೇಲೂರು ತಾಲ್ಲೂಕಿನಲ್ಲಿ. ಆ ತಾಲ್ಲೂಕನ್ನೊಳಗೊಂಡ ಹಾಸನ ಜಿಲ್ಲೆಯ ಸಂಪುಟ 1902ರಲ್ಲಿಯೇ ಅಚ್ಚಾಗಿತ್ತು. ಆ ಸಂಪುಟದಲ್ಲಿಲ್ಲದ ಹದಿನಾರು ಸಾಲಿನ ಶಾಸನವೊಂದು ಎಂ. ಎಚ್. ಕೃಷ್ಣರ ನಿರ್ದೇಶಕತ್ವದಲ್ಲಿ ಬೆಳಕಿಗೆ ಬಂದು 1936ರ ಇಲಾಖಾ ವರದಿಯನ್ನು ಸೇರಿತು. ಸಾಮಾನ್ಯವಾಗಿ ಕ್ರಿ.ಶ. 450ರ ಸುಮಾರಿನದೆಂದು ಪರಿಗಣಿಸಲಾಗುವ ಈ ಶಾಸನ, ‘ಬಾಳ್ಗೞ್ಚು’ವಿನಂಥ ಅಚ್ಚಗನ್ನಡ ಸಮಾಸವನ್ನು ಸಂಸ್ಕೃತಭೂಯಿಷ್ಠ ಗದ್ಯದ ನಡುವೆ ಉಳಿಸಿಕೊಟ್ಟಿದೆ. ಇಲಾಖೆ ಹುಟ್ಟಿ ಆಗ ಐವತ್ತೊಂದು ವರ್ಷ. ಯಾವ ಅರ್ಜಿಯಲ್ಲಿಯೂ ‘ನಿರೀಕ್ಷಿತ ಫಲಿತಾಂಶ’ವೆಂದು ಇದನ್ನು ಬರೆಯಲು ಬರುತ್ತಿರಲಿಲ್ಲ.

ಸರ್ಕಾರ ಒದಗಿಸಿದ್ದು ದೊಡ್ಡ ಮೊತ್ತವೆಂದು ನಮ್ಮ ವಾದವಲ್ಲ. ವರ್ಷವರ್ಷವೂ ಸಂಬಳ, ಪ್ರಯಾಣದ ಖರ್ಚು, ಪಡಿಯಚ್ಚಿನ ಕಾಗದ, ವಾರ್ಷಿಕ ವರದಿಯ ಮುದ್ರಣ ಇವು ನಿಲ್ಲದಂತೆ ನೋಡಿಕೊಂಡಿತು, ಅಷ್ಟೆ. ಉನ್ನತ ಶಿಕ್ಷಣದ ಫಲ ಇದರ ಮೇಲೆ ನಿಂತಿತು. 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾನಿಲಯವು ನರಸಿಂಹಾಚಾರ್ಯರ ಕನ್ನಡ ಭಾಷಾಚರಿತ್ರೆಯ ಉಪನ್ಯಾಸಗಳನ್ನು 1934ರಲ್ಲಿಯೂ, ಎ. ಎನ್. ನರಸಿಂಹಯ್ಯನವರು ಪ್ರಾಚೀನತಮ ಕನ್ನಡ ಶಾಸನಗಳಿಗೆ ಬರೆದ ವ್ಯಾಕರಣವನ್ನು 1941ರಲ್ಲಿಯೂ ಪ್ರಕಟಿಸಿತು. ಜಿ. ಎಸ್. ಗಾಯಿಯವರ ಐತಿಹಾಸಿಕ ವ್ಯಾಕರಣ 1946ರಲ್ಲಿ ಬಂದದ್ದು ಮಾತ್ರ ಪುಣೆಯ ಡೆಕ್ಕನ್ ಕಾಲೇಜಿನಿಂದ. ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟಿನ ಮೊದಲ ಸಂಪುಟ 1970ರಲ್ಲಿ, ಎಂಟನೆಯದು 1995ರಲ್ಲಿ ಹೊರಬಂತು; ನಡುವಣ ಇಪ್ಪತ್ತೈದು ವರ್ಷಗಳನ್ನು ಮೂರು ವರ್ಷದ ಯೋಜನೆಯ ಚೌಕಟ್ಟಿನಲ್ಲಿ ಕೂರಿಸಿ ನೋಡಿದರೆ ಅದು ಎಂಟು ಸಲ ವಿಫಲವಾದ ಯೋಜನೆಯಾಗುತ್ತದೆ.

ಇಂದು ನಮ್ಮಲ್ಲನೇಕರು ದುಡಿಯುತ್ತಿರುವುದು ಅಂಥದೇ ಮೂರು ವರ್ಷದ ಚೌಕಟ್ಟಿನಲ್ಲಿ. ಮೊದಲ ಕಂತು ಬರುವಷ್ಟರಲ್ಲಿ ಮೊದಲ ವರ್ಷ ಕಳೆದಿರುತ್ತದೆ; ಓದಲು ಕಲಿತ ಸಹಾಯಕ ಮೂರನೆಯ ವರ್ಷದ ಕೊನೆಗೆ ಬೇರೆ ಉದ್ಯೋಗ ಹುಡುಕುತ್ತಾನೆ. ಒಮ್ಮೆ ನೋಡಿದ ಊರಿಗೆ ಮತ್ತೆ ಹೋಗುವುದನ್ನು ಇಂಥ ಲೆಕ್ಕಪತ್ರ ಪುನರಾವರ್ತನೆಯೆಂದೇ ಓದುತ್ತದೆ. ಮೈಸೂರು ವಿಶ್ವವಿದ್ಯಾನಿಲಯ 1972ರಿಂದ ಪ್ರಕಟಿಸಲಾರಂಭಿಸಿದ ಎಪಿಗ್ರಾಫಿಯ ಕರ್ನಾಟಿಕದ ಪರಿಷ್ಕೃತ ಸಂಪುಟಗಳು ಆ ಪುನರಾವರ್ತನೆಯ ಫಲವೇ.

ಸಂಶೋಧನಾರ್ಥಿಗಳಿಗೆ ನಮ್ಮದೊಂದು ಚಿಕ್ಕ ಸಲಹೆಯಿದೆ. ಶಾಸನದ ಕಾಲ, ತಾಲ್ಲೂಕು, ಸಂಖ್ಯೆಗಳ ಜೊತೆಗೆ ಅದು ಮೊದಲು ವರದಿಯಾದ ವರ್ಷಕ್ಕೂ ಆಕರಪಟ್ಟಿಯಲ್ಲಿ ಒಂದು ಅಂಕಣವಿರಲಿ. ಶ್ರವಣಬೆಳಗೊಳದ ದತ್ತಾಂಶಕ್ಕೆ ಈ ಅಂಕಣ ಸೇರಿಸಿ 1889 ಮತ್ತು 1923ರ ಪದರಗಳನ್ನು ಬೇರ್ಪಡಿಸಿದರೆ, ಯಾವ ರೂಪಗಳು ಎರಡನೆಯ ಸುತ್ತಿನಲ್ಲಿ ಮಾತ್ರ ಸಿಕ್ಕವೆಂಬುದನ್ನು ಎಣಿಸಿ ಹೇಳಬಹುದು.