ನರ್ಸ್‌ಗಳ ಸೊಂಟನೋವಿಗೂ ಒಂದು ಇತಿಹಾಸವಿದೆ

ಕಾಶಿಯಲ್ಲಿ ಎಂ.ಟೆಕ್. ಓದುತ್ತಿದ್ದಾಗ, 2014ರ ಚಳಿಗಾಲದಲ್ಲಿ, ಗೆಳತಿಯ ಅಜ್ಜಿಯನ್ನು ನೋಡಲು ಸಾಮ್ನೆ ಘಾಟ್‌ನಿಂದ ತೇಲುಸೇತುವೆ ದಾಟಿ ಗಂಗೆಯ ಆಚೆ ದಡದ ರಾಮನಗರಕ್ಕೆ ಹೋಗಿದ್ದೆ. ಆಸ್ಪತ್ರೆಯಲ್ಲಿ ಸಿಸ್ಟರ್ ಒಬ್ಬರೇ ಅಜ್ಜಿಯ ಕಂಕುಳಿಗೆ ಕೈಕೊಟ್ಟು ಮೇಲಕ್ಕೆಳೆದು ದಿಂಬಿಗೆ ಒರಗಿಸಿದರು. ಆಮೇಲೆ ಸೊಂಟದ ಮೇಲೆ ಕೈಯಿಟ್ಟು, ಗೋಡೆ ಹಿಡಿದು ಒಂದು ಕ್ಷಣ ನಿಂತರು. ಥೇಟ್ ನಮ್ಮ ದೊಡ್ಡಮ್ಮನ ಹಾಗೆ!

ದೊಡ್ಡಮ್ಮ ಮೂವತ್ತು ವರ್ಷ ನರ್ಸ್ ಆಗಿದ್ದವರು. ಡ್ಯೂಟಿ ಮುಗಿಸಿ ಬಂದರೆ ಬರಿನೆಲದ ಮೇಲೆ ಅಂಗಾತ ಮಲಗುತ್ತಿದ್ದರು. ಹೆಂಗಸರಿಗೆ ಸೊಂಟನೋವು ಇದ್ದದ್ದೇ ಎಂದುಕೊಂಡು ನಾವೆಲ್ಲ ಸುಮ್ಮನಾಗುತ್ತಿದ್ದೆವು. ಅದು ಕೆಲಸ ಕೊಟ್ಟ ನೋವು ಎಂದು ಯಾರಿಗೂ ಹೊಳೆಯಲಿಲ್ಲ.

ಜಗತ್ತಿಗೂ ಅದು ಹೊಳೆಯಲು ಬಹಳ ಕಾಲ ಹಿಡಿಯಿತು. 1860ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಶಾಲೆ ತೆರೆದರು. ನರ್ಸಿಂಗ್ ಗೌರವದ ವೃತ್ತಿಯಾಯಿತು. ಆದರೆ ರೋಗಿಯನ್ನು ಎತ್ತಲು, ಹೊರಳಿಸಲು ಇದ್ದದ್ದು ನರ್ಸ್‌ಗಳ ಮೈಬಲವೇ. ಮಂಡಿ ಬಗ್ಗಿಸಿ, ಬೆನ್ನು ನೆಟ್ಟಗಿಡಿ ಎಂದು ದಶಕಗಳ ಕಾಲ ಪಾಠ ಹೇಳಿದರು. ನೋವು ಬಂದರೆ ತಪ್ಪು ಎತ್ತಿದವಳದೇ.

ಕೊನೆಗೆ ಲೆಕ್ಕ ಮಾತಾಡಿತು. 1991ರಲ್ಲಿ ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಷ್ ಭಾರ ಎತ್ತುವ ಸೂತ್ರವನ್ನು ಪರಿಷ್ಕರಿಸಿತು. ಎಲ್ಲ ಅನುಕೂಲವಿದ್ದಾಗಲೂ ಮಿತಿ 23 ಕಿಲೋ. ಭಾರ ಮೈಯಿಂದ ದೂರವಿದ್ದರೆ, ಸೊಂಟ ತಿರುಚಬೇಕಾದರೆ ಮಿತಿ ಇನ್ನೂ ಇಳಿಯುತ್ತದೆ. ರೋಗಿಯಾದರೋ ಹಿಡಿಕೆಯಿಲ್ಲದ, ಥಟ್ಟನೆ ಜಾರಬಲ್ಲ ಜೀವ. ಅದಕ್ಕೇ ಅದೇ ಸಂಸ್ಥೆಯ ಥಾಮಸ್ ವಾಟರ್ಸ್ 2007ರಲ್ಲಿ ರೋಗಿಗಳ ವಿಷಯದಲ್ಲಿ ಸುಮಾರು 16 ಕಿಲೋ ಸಾಕು ಎಂದರು. ಅಂದರೆ ವಯಸ್ಕ ರೋಗಿಯೊಬ್ಬರನ್ನು ಒಬ್ಬಳೇ ಎತ್ತಲು 'ಸರಿಯಾದ ರೀತಿ' ಎಂಬುದೇ ಇಲ್ಲ!

ಅಷ್ಟರಲ್ಲಿ ನರ್ಸ್‌ಗಳೇ ದನಿಯೆತ್ತಿದ್ದರು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ನರ್ಸ್‌ಗಳ ಸಂಘ 1998ರಲ್ಲಿ 'ಎತ್ತುವುದು ಬೇಡ' ಎಂಬ ನೀತಿ ತಂದಿತು. 2003ರಲ್ಲಿ ಅಮೆರಿಕದ ನರ್ಸ್‌ಗಳ ಸಂಘವೂ ಆಂದೋಲನ ಹೂಡಿತು. ಕೈಯಿಂದ ಎತ್ತುವ ಬದಲು ಎತ್ತುವ ಯಂತ್ರ, ರೋಗಿಯ ಕೆಳಗೆ ಹಾಸಿ ಜಾರಿಸುವ ನುಣುಪು ಬಟ್ಟೆ ಬಳಸಬೇಕೆಂಬುದು ಅವರ ಬೇಡಿಕೆ.

ನಮ್ಮಲ್ಲಿ? 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 34ನೇ ಕಲಮು, ಗಾಯವಾಗುವಷ್ಟು ಭಾರವನ್ನು ಕೆಲಸಗಾರರಿಂದ ಎತ್ತಿಸಬಾರದು ಎನ್ನುತ್ತಿತ್ತು. ಆದರೆ ಆಸ್ಪತ್ರೆಯ ವಾರ್ಡು ಕಾರ್ಖಾನೆಯಲ್ಲವಲ್ಲ!

ಮನೆಯವರನ್ನು ಆಸ್ಪತ್ರೆಗೆ ಸೇರಿಸಿದಾಗ ಸ್ವಚ್ಛತೆ, ಊಟ, ಬಿಲ್ಲು ಎಲ್ಲವನ್ನೂ ವಿಚಾರಿಸುತ್ತೇವೆ. ಇನ್ನು ಮುಂದೆ ರೋಗಿಯನ್ನು ಹೊರಳಿಸಲು ಎಷ್ಟು ಜನರಿದ್ದಾರೆ, ಯಾವ ಸಲಕರಣೆಯಿದೆ ಎಂದೂ ಕೇಳೋಣ. ದೊಡ್ಡಮ್ಮನ ಪರವಾಗಿ ಆಗ ನಾವ್ಯಾರೂ ಕೇಳಲಿಲ್ಲ.