ತುಂಗಭದ್ರೆಯ ಹರಿಗೋಲು ಮತ್ತು ಬಲೆ

ಹರಪನಹಳ್ಳಿ, ಹಡಗಲಿ ತಾಲ್ಲೂಕುಗಳ ಪಡುವಣ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತದೆ. ಹಗರಿಬೊಮ್ಮನಹಳ್ಳಿ ತಾಲ್ಲೂಕನ್ನು ಅದೇ ನದಿಯ ಅಣೆಕಟ್ಟಿನ ಹಿನ್ನೀರು ಮುಟ್ಟುತ್ತದೆ. ಕೂಡ್ಲಿಗಿ, ಕೊಟ್ಟೂರುಗಳಿಗೆ ಮಳೆಯನ್ನೇ ನಂಬಿದ ಕೆರೆಗಳು ಗತಿ. ಹರಿಯುವ ನೀರು, ನಿಂತ ನೀರು, ಬತ್ತುವ ನೀರು ಎಂಬ ಈ ಮೂರು ಬಗೆಯೇ ಇಲ್ಲಿನ ಬೆಸ್ತರ, ಅಂಬಿಗರ ಸಲಕರಣೆಗಳನ್ನು ರೂಪಿಸಿದೆ.

ಬಂಡೆಗಳ ನಡುವೆ ಹರಿಯುವ ಹೊಳೆಗೆ ಒಪ್ಪುವುದು ತಳ ಚಪ್ಪಟೆಯಾದ ದುಂಡನೆಯ ಹರಿಗೋಲು. ಮೊಣಕಾಲುದ್ದದ ನೀರಿನಲ್ಲೂ ಅದು ತೇಲುತ್ತದೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಬೆತ್ತದಿಂದ ಹೆಣೆದು ಹೊರಗೆ ತೊಗಲು ಹೊದಿಸಿದ, ಹದಿನೈದಿಪ್ಪತ್ತು ಜನರನ್ನು ಹೊರುವ ಬುಟ್ಟಿಯಂಥ ದೋಣಿಗಳನ್ನು ಇದೇ ನದಿಯಲ್ಲಿ ಕಂಡು ಬರೆದಿಟ್ಟಿದ್ದಾನೆ. ತೊಗಲು ನೆನೆದೇ ಇದ್ದರೆ ಕೊಳೆಯುತ್ತದೆ. ಆದ್ದರಿಂದ ಹರಿಗೋಲನ್ನು ದಡಕ್ಕೆಳೆದು ಬೋರಲು ಹಾಕಿ ಒಣಗಿಸಬೇಕಿತ್ತು. ಮುಂದೆ ತೊಗಲಿನ ಜಾಗಕ್ಕೆ ಡಾಂಬರು ಬಳಿದ ಪ್ಲಾಸ್ಟಿಕ್ ಹಾಳೆ ಬಂತು, ಈಚೆಗೆ ಫೈಬರ್ ಹರಿಗೋಲುಗಳೂ ಬಂದಿವೆ. ಬಿದಿರಿನ ಹೆಣಿಗೆ ಮಾತ್ರ ಪೂರ್ತಿ ಮರೆಯಾಗಿಲ್ಲ. ಬಂಡೆಗೆ ತಾಗಿದಾಗ ಅದು ಮುರಿಯದೆ ಬಾಗುತ್ತದೆ.

ಬಲೆಯ ಬದಲಾವಣೆ ಇನ್ನೂ ದೊಡ್ಡದು. 1945ರಲ್ಲಿ ಅಡಿಗಲ್ಲು ಬಿದ್ದ ತುಂಗಭದ್ರಾ ಅಣೆಕಟ್ಟಿನಲ್ಲಿ 1953ರಲ್ಲಿ ನೀರು ನಿಂತಿತು. ತುಂಬಿದಾಗ ಸುಮಾರು 378 ಚದರ ಕಿಲೋಮೀಟರ್ ಹರಡುವ ಈ ಜಲಾಶಯದ ಆಳಕ್ಕೆ ಹೊಳೆಯ ಬೀಸುಬಲೆ ಸಾಲದು. ಮೀನು ತೂರಲು ಹೋಗಿ ಕಿವಿರು ಸಿಕ್ಕಿಕೊಳ್ಳುವ ಉದ್ದನೆಯ ಬಲೆಯನ್ನು ಇರುಳಿಡೀ ನೀರಲ್ಲಿ ಬಿಡಬೇಕು. ಹತ್ತಿಯ ನೂಲು ಇದನ್ನು ಬಹುಕಾಲ ತಾಳದು. ಅದು ನೀರು ಕುಡಿದು ಭಾರವಾಗುತ್ತದೆ, ಸೂಕ್ಷ್ಮಜೀವಿಗಳಿಂದ ಕೊಳೆಯುತ್ತದೆ. ಅದನ್ನು ಉಳಿಸಿಕೊಳ್ಳಲು ತೊಗಟೆಯ ಕಷಾಯದಲ್ಲಿ ಅದ್ದಿ, ದಿನವೂ ಬಿಸಿಲಿಗೆ ಹರಡುವುದು ವಾಡಿಕೆಯಾಗಿತ್ತು.

1950ರ ದಶಕದ ಕೊನೆಯಿಂದ ಭಾರತದ ಮೀನುಗಾರಿಕೆಯಲ್ಲಿ ಹಬ್ಬಿದ ನೈಲಾನ್ ಈ ದುಡಿಮೆಯನ್ನು ತಪ್ಪಿಸಿತು. ಅದು ಕೊಳೆಯದು, ತೆಳುವಾದರೂ ಗಟ್ಟಿ. ಒಂಟಿ ಎಳೆಯ ನೈಲಾನ್ ನೀರಿನಲ್ಲಿ ಮೀನಿನ ಕಣ್ಣಿಗೂ ಸುಲಭವಾಗಿ ಬೀಳದು. ಆದರೆ ಆರೈಕೆಯ ಕ್ರಮ ತಿರುಗುಮುರುಗಾಯಿತು: ಹತ್ತಿಯ ಬಲೆಯನ್ನು ಕಾಯುತ್ತಿದ್ದ ಬಿಸಿಲೇ ನೈಲಾನನ್ನು ಸವೆಸುತ್ತದೆ. ಕಳೆದುಹೋದ ಹತ್ತಿ ಬಲೆ ಕರಗಿ ಮಣ್ಣಾಗುತ್ತಿತ್ತು; ನೈಲಾನ್ ಬಲೆ ತಳದಲ್ಲಿ ಬಿದ್ದಲ್ಲೇ ಮೀನು ಹಿಡಿಯುತ್ತಿರುತ್ತದೆ.

ಒಳನಾಡಿನ ಕೆರೆಗಳ ಕಥೆ ಬೇರೆ. ಮಳೆ ಬಂದ ವರ್ಷ ತುಂಬಿ ಬೇಸಗೆಯಲ್ಲಿ ಇಳಿಯುವ ಈ ನೀರಿಗೆ ಕಾಟ್ಲಾ, ರೋಹು, ಮೃಗಾಲ್ ಮರಿಗಳನ್ನು ಬಿಟ್ಟು ಬೆಳೆಸಿ, ನೀರು ತಗ್ಗಿದಾಗ ಹಿಡಿಯುತ್ತಾರೆ. ಆಳ ಕಡಿಮೆಯಾದ್ದರಿಂದ ಇಲ್ಲಿ ಬೀಸುಬಲೆಗೆ ಇನ್ನೂ ಕೆಲಸವಿದೆ. ಅದರ ಆಕಾರ ಹಳೆಯದು, ನೂಲು ಮಾತ್ರ ನೈಲಾನಿನದು.