ಸೀಮೆ ಬದನೆ, ಅಜ್ಜಿಯ ತಿಥಿ ಮತ್ತು ನನ್ನ ಎಕ್ಸೆಲ್ ಶೀಟು

ಮುಂದಿನ ವರ್ಷ ತಾರಸಿ ತೋಟದಲ್ಲಿ ಏನೇನು ಬೆಳೆಯೋದು ಅಂತ ಮೊನ್ನೆ ಭಾನುವಾರ ಕೂತು ಒಂದು ಎಕ್ಸೆಲ್ ಶೀಟ್ ಮಾಡಿದೆ (ಸಾಫ್ಟ್‌ವೇರ್ ಬುದ್ಧಿ, ಏನ್ಮಾಡೋದು!). ಜುಕಿನಿ, ಚೆರ್ರಿ ಟೊಮೆಟೊ, ಕೇಲ್ ಸೊಪ್ಪು, ಡ್ರ್ಯಾಗನ್ ಫ್ರೂಟ್... ಈ ಸಲ ಎಲ್ಲಾ ಹೊಸಾದೇ. ಅಮ್ಮ ಹಿಂದಿನಿಂದ ಬಗ್ಗಿ ನೋಡಿ, "ಇದರಲ್ಲಿ ಒಂದಾದ್ರೂ ಅಜ್ಜಿ ತಿಥಿಗೆ ಬರತ್ತೇನೋ?" ಅಂದ್ಲು. ಬರೋ ಫೆಬ್ರವರಿಗೆ ಅಜ್ಜಿ ಹೋಗಿ ಒಂದು ವರ್ಷ. ತಾರಸಿಯ ಕುಂಡಗಳನ್ನೆಲ್ಲ ನೋಡಿಕೊಳ್ತಿದ್ದವಳೇ ಅವಳು. ನಾನು ಸುಮ್ಮನಾದೆ.

ಆದ್ರೆ ಪ್ರಶ್ನೆ ತಲೇಲಿ ಕೂತುಬಿಡ್ತು. ನಮ್ಮನೆ ತಿಥಿ ಅಡುಗೆಗೆ ಟೊಮೆಟೊ, ಆಲೂಗಡ್ಡೆ, ಎಲೆಕೋಸು, ಹೂಕೋಸು, ಹುರುಳಿಕಾಯಿ ಯಾವುದೂ ಬರಲ್ಲ. ಖಾರಕ್ಕೆ ಮೆಣಸಿನಕಾಯಿ ಬದಲು ಕರಿಮೆಣಸು. ಬಾಳೆಕಾಯಿ, ಹಾಗಲಕಾಯಿ, ಗೋರಿಕಾಯಿ, ಕೆಸುವಿನಗಡ್ಡೆ ಆಗತ್ತೆ. ಚಿಕ್ಕವನಿದ್ದಾಗ ಇದೆಲ್ಲ ಬರೀ ಮಡಿಯ ರಗಳೆ ಅಂದ್ಕೊಂಡಿದ್ದೆ. ಈಗ ನೋಡಿದ್ರೆ ಆ ಪಟ್ಟಿಯೇ ಒಂದು ಇತಿಹಾಸದ ಪುಸ್ತಕ!

ಟೊಮೆಟೊ, ಆಲೂಗಡ್ಡೆ, ಮೆಣಸಿನಕಾಯಿ, ಹುರುಳಿಕಾಯಿ ನಾಲ್ಕೂ ಅಮೆರಿಕ ಖಂಡದವು. ಕೊಲಂಬಸ್ 1492ರಲ್ಲಿ ಅಲ್ಲಿಗೆ ಹೋಗುವ ತನಕ ನಮ್ಮವರು ಇವುಗಳನ್ನು ಕಂಡೇ ಇರಲಿಲ್ಲ. ಪೋರ್ಚುಗೀಸರು 1510ರಲ್ಲಿ ಗೋವಾ ಹಿಡಿದರಲ್ಲ, ಆ ಶತಮಾನದಲ್ಲೇ ಅವರ ಹಡಗುಗಳಲ್ಲಿ ಮೆಣಸಿನಕಾಯಿ ನಮ್ಮ ಕಡೆ ಬಂತು. ಹೆಸರನ್ನೇ ನೋಡಿ: ಮೆಣಸಿನ ಹಾಗೆ ಖಾರ, ಆದ್ರೆ ಕಾಯಿ. ಹಾಗಾಗಿ ಮೆಣಸಿನಕಾಯಿ. ಹಳೇ ಮೆಣಸು ಪಾಪ, ಗುರುತಿಗಾಗಿ ತಾನೇ 'ಕರಿ'ಮೆಣಸು ಆಗಬೇಕಾಯ್ತು.

ಬೆಂಗಳೂರಿನ ಕಥೆ ಇನ್ನೂ ಸ್ವಾರಸ್ಯ. 1809ರಲ್ಲಿ ಇಲ್ಲಿ ಬ್ರಿಟಿಷರ ದಂಡು ನೆಲೆಯಾಯ್ತು. ದೊರೆಗಳಿಗೆ ಕೋಸು, ಕ್ಯಾರೆಟ್ಟು, ಬೀನ್ಸ್ ಬೇಕು. ಮೂರು ಸಾವಿರ ಅಡಿ ಎತ್ತರದ ತಂಪು ಹವೆ ಅವಕ್ಕೆ ಒಗ್ಗಿತು. ಹೈದರಾಲಿ 1760ರಲ್ಲಿ ಶುರುಮಾಡಿದ ಲಾಲ್‌ಬಾಗ್ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯ್ತು. ಬರೀ ಹೂವಿನ ತೋಟ ಅಲ್ಲ, ಹೊರದೇಶದ ಬೆಳೆ ಇಲ್ಲಿ ಬರುತ್ತಾ ಅಂತ ಪರೀಕ್ಷೆ ಮಾಡೋ ಜಾಗ. ನಮ್ಮ ಭಾಷೇಲಿ ಹೇಳೋದಾದ್ರೆ ಟೆಸ್ಟಿಂಗ್ ಸರ್ವರ್ :-)

1874ರಿಂದ 1908ರವರೆಗೆ ಅದನ್ನು ನೋಡಿಕೊಂಡವನು ಜಾನ್ ಕ್ಯಾಮರಾನ್. ಗಾಜಿನ ಮನೆ ಎದ್ದದ್ದೂ ಅವನ ಕಾಲದಲ್ಲೇ. ಮೆಕ್ಸಿಕೋ ಕಡೆಯ ಒಂದು ಬಳ್ಳಿಯನ್ನು ಬೆಂಗಳೂರಿಗೆ ಪರಿಚಯಿಸಿದ ಹೆಗ್ಗಳಿಕೆಯೂ ಅವನದೇ. ಅದೇ ನಮ್ಮ ಸೀಮೆ ಬದನೆ! ಸೀಮೆಎಣ್ಣೆ, ಸೀಮೆಸುಣ್ಣದ ಹಾಗೆ ಇಲ್ಲೂ ಸೀಮೆ ಅಂದ್ರೆ ಪರದೇಶ. ತಮಾಷೆ ಏನು ಗೊತ್ತಾ? ನಾವು ಪರದೇಶದ್ದು ಅಂತ ಕರೆಯೋ ಇದನ್ನು ತಮಿಳರು 'ಬೆಂಗಳೂರು ಕತ್ತರಿಕ್ಕಾಯ್' ಅಂತಾರೆ. ಅವರ ಪಾಲಿಗೆ ಇದು ಬೆಂಗಳೂರಿಂದು!

ಅಜ್ಜಿಗೆ ಪ್ರಾಣವಾಗಿದ್ದ ತರಕಾರಿ ಇದು. ಇದಕ್ಕೆ ಬೀಜ ಬಿಡಿಸಿ ಬಿತ್ತೋ ಕೆಲಸ ಇಲ್ಲ. ಕಾಯಿಯೊಳಗೇ ಬೀಜ ಮೊಳೆತು ತುದಿಯಲ್ಲಿ ಇಣುಕತ್ತೆ, ಇಡೀ ಕಾಯನ್ನೇ ನೆಡಬೇಕು. ಅಡುಗೆಮನೆ ಕಿಟಕೀಲಿ ಮೊಳಕೆ ಬಂದ ಕಾಯಿ ಇಟ್ಟುಕೊಂಡು, "ಇದನ್ನ ಹೆಚ್ಚಬೇಡ, ಬದುಕಿದೆ" ಅಂತ ಅಮ್ಮನಿಗೆ ಹೇಳ್ತಿದ್ಲು. ಅದರ ಕೂಟಂತೂ... ಬಿಡಿ. ಅಂಥ ಸೀಮೆ ಬದನೆಯೂ ಅವಳ ತಿಥಿಗೆ ಬರಲ್ಲ. ಊರು ಒಪ್ಪಿ ನೂರು ವರ್ಷ ದಾಟಿದ್ರೂ ತಿಥಿ ಎಲೆ ಇನ್ನೂ ಒಪ್ಪಿಲ್ಲ.

ಹಾಗಂತ ನನಗೆ ಆ ಪಟ್ಟಿ ಬದಲಾಯಿಸೋ ಆಸೆ ಇಲ್ಲ. ಮೆಣಸಿನಕಾಯಿ ಬರೋ ಮುಂಚೆ ನಮ್ಮವರ ಊಟ ಹೇಗಿತ್ತು ಅನ್ನೋದಕ್ಕೆ ನಮ್ಮನೇಲಿ ಉಳಿದಿರೋ ಒಂದೇ ಬ್ಯಾಕಪ್ ಅದು. ಹೊಸದನ್ನ ಬಿಡೋ ಮನಸ್ಸೂ ಇಲ್ಲ. ಬಿಟ್ಟಿದ್ರೆ ಅಜ್ಜಿಗೆ ಆ ಕೂಟೇ ಸಿಗ್ತಿರಲಿಲ್ಲ.

ಶೀಟಿಗೆ ಎರಡು ಸಾಲು ಸೇರಿಸಿದೆ. ಹಾಗಲ, ಗೋರಿಕಾಯಿ. ಫೆಬ್ರವರಿಗೆ ಕಾಯಿ ಸಿಗಬೇಕಂದ್ರೆ ನವೆಂಬರ್‌ನಲ್ಲೇ ಬೀಜ ಹಾಕಬೇಕಂತೆ. ಕೇಲ್ ಸೊಪ್ಪನ್ನ ಕೈಬಿಟ್ಟೆ, ಆ ಕುಂಡ ಸೀಮೆ ಬದನೆಗೆ. ಕಿಟಕೀಲಿ ಒಂದು ಕಾಯಿ ಇಟ್ಟಿದ್ದೀನಿ, ಇನ್ನೂ ಮೊಳಕೆ ಬಂದಿಲ್ಲ. ಅಮ್ಮ ಅದನ್ನ ಹೆಚ್ಚಿಲ್ಲ.